ಫಾದರ್ ಸಾಲಿಯ ಹತ್ತನೇತ್ತ

ನಮ್ಮ ಕಡೆ ಹತ್ತನೇ ಕ್ಲಾಸು ಅನ್ನುವುದಿಲ್ಲ, ಹತ್ತನೇತ್ತ ಅಂತಾರೆ. ‘ಹತ್ತನೇ ಇಯತ್ತೆ’ ಅನ್ನುವುದು ಬಾಯಲ್ಲಿ ಸವೆದು ಸವೆದು ಹೀಗಾಗಿದೆ. ಇಯತ್ತೆ ಮರಾಠಿ ಮೂಲಕ ಬಂದ ಪದ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನ, 1948ರಲ್ಲಿ ಮುಂಬಯಿಗೆ ಸೇರಿತು. 1956ರ ನವೆಂಬರ್ 1ಕ್ಕೆ ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು. ಪಠ್ಯ ಬದಲಾಯಿತು, ಪರೀಕ್ಷೆ ಬದಲಾಯಿತು, ಮ್ಯಾಟ್ರಿಕ್ ಹೋಗಿ ಎಸ್ಸೆಸ್ಸೆಲ್ಸಿ ಬಂತು. ಇಯತ್ತೆ ಮಾತ್ರ ಹೋಗಲಿಲ್ಲ. ಹಾಗೇ ಮಾಸ್ತರು, ಸಾಲಿ, ಅಕ್ಕೋರು.

ಈ ಅಕ್ಕೋರು ಅನ್ನುವ ಪದದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಪಾಠ ಹೇಳುವ ಹೆಂಗಸು ಮೇಡಂ ಅಲ್ಲ, ಟೀಚರೂ ಅಲ್ಲ, ಅಕ್ಕೋರು. ಹಾಗಾಗಿ ಬಿಳಿ ಬಟ್ಟೆಯ ಕ್ಯಾಥೊಲಿಕ್ ಸಿಸ್ಟರುಗಳು ನಮ್ಮ ಸೀಮೆಗೆ ಬಂದಾಗ ಅವರನ್ನು ಏನಂತ ಕರೆಯಬೇಕು ಅನ್ನುವ ತೊಂದರೆಯೇ ಯಾರಿಗೂ ಬರಲಿಲ್ಲ. ಸಿಸ್ಟರ್ ಅಂದರೆ ಅಕ್ಕೋರೇ ತಾನೆ? ಫಾದರ್‌ಗೂ ಹಾಗೆಯೇ. ಹಳ್ಳಿಯಿಂದ ಮಗನನ್ನು ಬೋರ್ಡಿಂಗಿಗೆ ಬಿಡಲು ಬಂದ ತಂದೆ ಕೈಮುಗಿದು ‘ಅಪ್ಪಾರ, ನಿಮ್ಮ ಉಡಿಗೆ ಹಾಕೀನ್ರಿ’ ಅಂತಿದ್ದ. ಅಪ್ಪಾರು ಅಂದರೆ ನಮ್ಮಲ್ಲಿ ಮಠದ ಸ್ವಾಮಿಗಳು. ಮದುವೆಯಾಗದವರು, ಉದ್ದ ಅಂಗಿ ತೊಟ್ಟವರು, ಪರರ ಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕಲಿಸುವವರು. ರೋಮಿನ ಪದ್ಧತಿ ನಮ್ಮವರಿಗೆ ಎಲ್ಲೋ ನೋಡಿದಂಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಈ ಎಲ್ಲ ಪೀಠಿಕೆ ಯಾಕೆಂದರೆ, ನಮ್ಮ ಬ್ಯಾಚಿನವರು ಒಂದು ನೆನಪಿನ ಸಂಚಿಕೆ ಮಾಡುತ್ತಿದ್ದೇವೆ. 1994ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ನಾವು. ಕನ್ನಡ ಮಾಧ್ಯಮದ ಒಂದು ಕ್ಯಾಥೊಲಿಕ್ ಹೈಸ್ಕೂಲು, ಹೆಸರು ಬೇಡ ಬಿಡಿ. ನಾನು ಹಾನಗಲ್ ತಾಲೂಕಿನವನು, ಉಳಿದವರು ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರು. ಲಿಂಗಾಯತರು, ಕುರುಬರು, ಮುಸ್ಲಿಮರು, ವಾಲ್ಮೀಕಿಗಳು, ಲಂಬಾಣಿಗಳು, ದಲಿತರು ಎಲ್ಲ ಇದ್ದೆವು. ಕ್ಯಾಥೊಲಿಕರು ಮಾತ್ರ ಬೆರಳೆಣಿಕೆ. ಎಲ್ಲರೂ ಒಂದೊಂದು ಪುಟ ಬರೆದು ಕಳಿಸಿ ಅಂದರೆ ಬಂದದ್ದೆಲ್ಲ ಒಂದೇ ಥರ. ಬೆತ್ತ, ಉಪ್ಪಿಟ್ಟು, ಮಳೆಗಾಲದಲ್ಲಿ ಒಣಗದ ಯೂನಿಫಾರ್ಮು, ಸವಣೂರಿನ ಗೆಳೆಯ ಟ್ರಂಕಿನಲ್ಲಿ ಬಚ್ಚಿಟ್ಟ ಖಾರದ ಪೊಟ್ಟಣ, ಸೆಂಡಾಫ್ ದಿನ ಅತ್ತದ್ದು. ಓದಲಿಕ್ಕೆ ಖುಷಿಯೇ. ಆದರೆ ಆ ಶಾಲೆ ಅಲ್ಲಿಗೆ ಯಾಕೆ ಬಂತು, ಎಲ್ಲಿಂದ ಬಂತು, ನಮ್ಮನ್ನು ಯಾಕೆ ಸೇರಿಸಿಕೊಂಡಿತು ಅಂತ ಒಬ್ಬರೂ ಬರೆದಿರಲಿಲ್ಲ. ಸರಿ, ಇತಿಹಾಸ ಓದಿದವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ತಲೆಗೆ ಕಟ್ಟಿದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಸಂಚಿಕೆಯ ಒಂದು ಪುಟಕ್ಕಿಂತ ಜಾಸ್ತಿಯಾಯಿತು. ಉಳಿದದ್ದು ಇಲ್ಲಿ.

ಮೊದಲು ಒಂದು ಗೊಂದಲ ತಿಳಿಯಾಗಲಿ. ನಮ್ಮ ಹಿರಿಯರು ‘ಪಾದ್ರಿ ಸಾಲಿ’ ಅಂದರೆ ಅದು ಬಹುತೇಕ ಬಾಸೆಲ್ ಮಿಶನ್ ಶಾಲೆ. ಅವರು ಪ್ರೊಟೆಸ್ಟಂಟರು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ನಿಘಂಟು ಮಾಡಿದ ಕಿಟೆಲ್ಲರು ಅವರ ಪೈಕಿಯವರು. ಈ ಪಾದ್ರಿಗಳು ಸಂಸಾರವಂದಿಗರು, ಕೈಯಲ್ಲಿ ಕನ್ನಡ ಬೈಬಲ್ಲು, ಪಕ್ಕದಲ್ಲಿ ಅಚ್ಚಿನ ಮನೆ, ಹಂಚಿನ ಕಾರ್ಖಾನೆ. ಕ್ಯಾಥೊಲಿಕರ ದಾರಿ ಬೇರೆ. ಅವರು ಗೋವಾ ಮತ್ತು ಕರಾವಳಿಯಲ್ಲಿ ನೂರಾರು ವರ್ಷ ಮೊದಲೇ ಇದ್ದರೂ ಘಟ್ಟದ ಮೇಲಿನ ನಮ್ಮ ಎರಿ ಭೂಮಿಗೆ ಶಾಲೆ ಹಿಡಿದುಕೊಂಡು ಬಂದದ್ದು ಬಹಳ ತಡವಾಗಿ. ಬೆಳಗಾವಿಯಲ್ಲಿ ಸೇಂಟ್ ಪಾಲ್ಸ್ ಹೈಸ್ಕೂಲು ಶುರುವಾದದ್ದು 1856ರಲ್ಲಿ, ಅಂದರೆ ಮುಂಬಯಿ ವಿಶ್ವವಿದ್ಯಾಲಯಕ್ಕಿಂತ ಒಂದು ವರ್ಷ ಹಳೆಯದು. ಆದರೆ ಅದು ದಂಡು ಪ್ರದೇಶದ ಊರು. ಹಾನಗಲ್ಲಿನ ರೈತನ ಮಗನಿಗೂ ಅದಕ್ಕೂ ಏನು ಸಂಬಂಧ? ಬೆಳಗಾವಿ ಪ್ರತ್ಯೇಕ ಕ್ಯಾಥೊಲಿಕ್ ಧರ್ಮಪ್ರಾಂತ್ಯವಾದದ್ದೇ 1953ರಲ್ಲಿ.

ಹಾಗಾದರೆ ಅಲ್ಲಿಯ ತನಕ ನಮ್ಮ ನಾಲ್ಕು ತಾಲೂಕಿನಲ್ಲಿ ವಿದ್ಯೆ ಇರಲಿಲ್ಲವೆ? ಇತ್ತು, ಬೇಕಾದಷ್ಟು ಬಗೆಯಲ್ಲಿ ಇತ್ತು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಷರೀಫರು (1819–1889) ತತ್ವಪದಕಾರರು ಅಂತ ಎಲ್ಲರಿಗೂ ಗೊತ್ತು, ಅವರು ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದ್ದರು ಅನ್ನುವುದು ಎಷ್ಟು ಜನರಿಗೆ ನೆನಪಿದೆ? ಅವರ ಗುರು ಕಳಸದ ಗೋವಿಂದ ಭಟ್ಟರು. ಗುರು ಬ್ರಾಹ್ಮಣ, ಶಿಷ್ಯ ಮುಸ್ಲಿಮ. ಬೇರೆ ಧರ್ಮದ ಗುರುವಿನ ಹತ್ತಿರ ಮಗುವನ್ನು ಬಿಡುವುದು ನಮ್ಮ ನೆಲಕ್ಕೆ ಪಾದ್ರಿಗಳಿಂದ ಬಂದ ಹೊಸ ಸಂಗತಿ ಅಲ್ಲವೇ ಅಲ್ಲ. ಸವಣೂರಿನಲ್ಲಿ ನವಾಬರ ಊರಿನ ನಡುವೆಯೇ ಮಾಧ್ವರ ಸತ್ಯಬೋಧ ತೀರ್ಥರ ಬೃಂದಾವನ ಇದೆ. ಅದೇ ಊರಿನ ಮಜೀದ್ ಹೈಸ್ಕೂಲಿನಲ್ಲಿ ಓದಿದ ಒಬ್ಬ ಹುಡುಗನ ಕಥೆಗೆ ಆಮೇಲೆ ಬರುತ್ತೇನೆ. ಹಾನಗಲ್ಲ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗ ಮಂದಿರವನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಬಂತು. ಧಾರವಾಡದ ಮುರುಘಾಮಠ ಹಳ್ಳಿ ಹುಡುಗರಿಗೆ ಉಚಿತ ಪ್ರಸಾದನಿಲಯ ನಡೆಸಿತು. ಅಂದರೆ ಬೋರ್ಡಿಂಗ್ ಶಾಲೆಯ ಕಲ್ಪನೆ ನಮ್ಮವರಿಗೆ ಮಠದಿಂದ ಚೆನ್ನಾಗಿ ಪರಿಚಯ ಇತ್ತು. ಫಾದರುಗಳು ಬಂದಾಗ ಖಾಲಿ ಜಾಗಕ್ಕೇನೂ ಬರಲಿಲ್ಲ.

ಸವಣೂರಿಗೆ ಹೋದವರು ಕಲ್ಮಠದ ಆವರಣದ ಮೂರು ದೈತ್ಯ ಮರ ನೋಡಿರುತ್ತೀರಿ. ಆಫ್ರಿಕಾ ಮೂಲದ ಬಾವೋಬಾಬ್ ಮರಗಳವು. ನಮ್ಮ ಜನ ಅದಕ್ಕೆ ‘ದೊಡ್ಡ ಹುಣಸೆ’ ಅಂತ ಹೆಸರಿಟ್ಟು ಒಳಗೆ ಹಾಕಿಕೊಂಡರು. ಫಾದರನ್ನು ಅಪ್ಪಾರು ಮಾಡಿಕೊಂಡದ್ದೂ ಇದೇ ಲೆಕ್ಕದಲ್ಲಿ ಇರಬೇಕು.

ಕ್ಯಾಥೊಲಿಕ್ ಹೈಸ್ಕೂಲು ಅನ್ನುವುದು ಕರ್ನಾಟಕದಲ್ಲಿ ಹೇಗೆ ಬೇರು ಬಿಟ್ಟಿತು ಅಂತ ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಅಲ್ಲಿಯ ಕ್ಯಾಥೊಲಿಕರು ನಮಗೊಂದು ಕಾಲೇಜು ಬೇಕು ಅಂತ ರೋಮಿನ ತನಕ ಅರ್ಜಿ ಹಾಕಿದರು. 1878ರ ಡಿಸೆಂಬರ್ 31ಕ್ಕೆ ಇಟಲಿಯ ಯೇಸುಸಭೆಯವರು ಮಂಗಳೂರಿಗೆ ಬಂದು ಇಳಿದರು. 1880ರ ಜನವರಿ 12ಕ್ಕೆ 150 ವಿದ್ಯಾರ್ಥಿಗಳ ಜೊತೆ ಸೇಂಟ್ ಅಲೋಶಿಯಸ್ ಶುರುವಾಯಿತು. ಗುಡ್ಡದ ಮೇಲಿನ ಜಾಗವನ್ನು ಲಾರೆನ್ಸ್ ಲೋಬೊ ಪ್ರಭು ಕೊಟ್ಟರು. ಅದರ ಚಾಪೆಲ್ಲಿನ ಗೋಡೆ, ಛಾವಣಿ ತುಂಬ ಆಂಟೋನಿಯೋ ಮೊಸ್ಕೆನಿ ಅನ್ನುವ ಬ್ರದರ್ 1899ರಿಂದ 1901ರ ತನಕ ಚಿತ್ರ ಬರೆದರು. ನೋಡದೇ ಇದ್ದವರು ಒಮ್ಮೆ ಹೋಗಿ ನೋಡಿ, ಕತ್ತು ನೋಯುವವರೆಗೂ ನೋಡಬಹುದು. ಆ ಚಿತ್ರಗಳಲ್ಲಿ ಹೆಚ್ಚಿನ ಜಾಗ ಅಲೋಶಿಯಸ್ ಗೊನ್ಝಾಗನ ಬದುಕಿಗೆ. ಶ್ರೀಮಂತ ಮನೆತನದ ಹಿರಿಯ ಮಗ, ಆಸ್ತಿ ಬಿಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡುತ್ತ ತಾನೇ ಕಾಯಿಲೆ ಬಿದ್ದು 1591ರಲ್ಲಿ ಸತ್ತ. ಆಗ ಅವನಿಗೆ 23 ವರ್ಷ.

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದರು, 1937ರಲ್ಲಿ ಅದು ಯೇಸುಸಭೆಯವರ ಕೈಗೆ ಬಂತು. ಅಲ್ಲಿ 1904ರಲ್ಲಿ ಭಾರತೀಯ ಹುಡುಗರಿಗಾಗಿ ಬೇರೆ ಹೈಸ್ಕೂಲು ಮಾಡಿದರು, ಯುರೋಪಿಯನ್ ಮಕ್ಕಳದ್ದು ಬೇರೆ. ದೇವರ ಮುಂದೆ ಎಲ್ಲರೂ ಸಮ ಅನ್ನುವವರೂ ಬೆಂಚಿನ ವಿಷಯಕ್ಕೆ ಬಂದಾಗ ಆ ಕಾಲದ ದೊರೆಗಳ ಲೆಕ್ಕವನ್ನೇ ಒಪ್ಪಿಕೊಂಡಿದ್ದರು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ‘ಸೇಂಟ್ ಜೋಸೆಫ್ಸ್ ಇಂಡಿಯನ್’ ಅನ್ನುವ ಹೆಸರಿನಲ್ಲಿ ‘ಇಂಡಿಯನ್’ ಯಾಕೆ ಇದೆ ಅಂತ ತಲೆಕೆಡಿಸಿಕೊಂಡವರಿಗೆ ಉತ್ತರ ಇಲ್ಲಿದೆ.

ನಮ್ಮ ಸಂಚಿಕೆಗೆ ಬರೆದವರಲ್ಲಿ ಅರ್ಧಕ್ಕರ್ಧ ಜನ ಕ್ಲಾಸ್ ಲೀಡರ್ ಬಗ್ಗೆ ಬರೆದಿದ್ದಾರೆ. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವವನು, ಪಾಠ ಬಾಯಿಪಾಠ ಆಗಿದೆಯೋ ಇಲ್ಲವೋ ಅಂತ ಒಪ್ಪಿಸಿಕೊಳ್ಳುವವನು. ನಾನು ಇವನ ಜಾತಕ ಹುಡುಕಿದೆ. ಯೇಸುಸಭೆಯ ಮೊದಲ ದೊಡ್ಡ ಶಾಲೆ 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಶುರುವಾಯಿತು. ಐವತ್ತು ವರ್ಷದ ಅನುಭವ ಸೇರಿಸಿ 1599ರಲ್ಲಿ ‘ರಾಷಿಯೋ ಸ್ಟುಡಿಯೋರಮ್’ ಅಂತ ಒಂದು ನಿಯಮಾವಳಿ ಹೊರಡಿಸಿದರು. ಯಾವ ತರಗತಿಯಲ್ಲಿ ಏನು ಕಲಿಸಬೇಕು, ಪರೀಕ್ಷೆ ಹೇಗೆ ನಡೆಯಬೇಕು, ಬಹುಮಾನ ಹೇಗೆ ಕೊಡಬೇಕು, ಎಲ್ಲ ಅದರಲ್ಲಿದೆ. ಆ ಶಾಲೆಗಳಲ್ಲಿ ಹತ್ತು ಹುಡುಗರಿಗೆ ಒಬ್ಬ ‘ಡೆಕ್ಯೂರಿಯನ್’, ರೋಮನ್ ಸೈನ್ಯದಿಂದ ತಂದ ಹೆಸರು. ಅವನ ಕೆಲಸ ಉಳಿದವರ ಪಾಠ ಒಪ್ಪಿಸಿಕೊಳ್ಳುವುದು. ಕ್ಲಾಸನ್ನೇ ಎರಡು ಪಾಳಯ ಮಾಡಿ ಒಂದಕ್ಕೆ ರೋಮ್, ಇನ್ನೊಂದಕ್ಕೆ ಕಾರ್ಥೇಜ್ ಅಂತ ಹೆಸರಿಟ್ಟು ಪೈಪೋಟಿ ಹಚ್ಚುತ್ತಿದ್ದರು. ಪ್ರತಿ ಹುಡುಗನಿಗೂ ಎದುರು ಪಾಳಯದಲ್ಲಿ ಒಬ್ಬ ಪ್ರತಿಸ್ಪರ್ಧಿ. ರೆಡ್ ಹೌಸು, ಬ್ಲೂ ಹೌಸು ಅಂತ ಖೋಖೋ ಆಡುತ್ತ ನಾವು ಕೂಗಿದ್ದೇ ಕೂಗಿದ್ದು, ಅದರ ದೂರದ ಅಜ್ಜ ಇವನೇ ಇರಬೇಕು. ಹಿರೇಕೆರೂರಿನ ಕಡೆಯ ಒಬ್ಬ ಗೆಳೆಯನಿಗೆ ಇದನ್ನು ಹೇಳಿದರೆ ‘ಹಂಗಾರ ನಾ ಕಾರ್ಥೇಜ್‌ದಾಂವ ಬಿಡು, ಯಾವಾಗ್ಲೂ ಸೋತಾಂವ’ ಅಂದ.

ಇನ್ನೊಂದು ಸಂಗತಿ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿತು. ಆ ಹಳೆಯ ಶಾಲೆಗಳಲ್ಲಿ ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲಿ ಮಾತಾಡುವ ಹಾಗಿರಲಿಲ್ಲ. ಮಾತಾಡಿ ಸಿಕ್ಕಿಬಿದ್ದವನ ಕೈಗೆ ಒಂದು ಗುರುತಿನ ಬಿಲ್ಲೆ ಕೊಡುತ್ತಿದ್ದರು. ಅವನು ಇನ್ನೊಬ್ಬ ತಪ್ಪಿತಸ್ಥನನ್ನು ಹಿಡಿದು ಅವನಿಗೆ ದಾಟಿಸಬೇಕು. ದಿನದ ಕೊನೆಗೆ ಬಿಲ್ಲೆ ಯಾರ ಹತ್ತಿರ ಉಳಿಯಿತೋ ಅವನಿಗೆ ಶಿಕ್ಷೆ. ಕನ್ನಡ ಮಾತಾಡಿದರೆ ದಂಡ ಹಾಕುವ ನಮ್ಮ ಇಂಗ್ಲಿಷ್ ಕಾನ್ವೆಂಟುಗಳ ಸುದ್ದಿ ಓದಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತೆ. ಆದರೆ ಇದು ಇಂಗ್ಲಿಷರು ನಮಗಾಗಿಯೇ ಹುಡುಕಿದ ಅವಮಾನ ಅಂದುಕೊಂಡಿದ್ದೆ. ಯುರೋಪಿನ ಹುಡುಗರೂ ತಮ್ಮ ತಾಯಿನುಡಿಗೆ ಇದೇ ಬೆಲೆ ತೆತ್ತಿದ್ದರು.

ನಮ್ಮ ಶಾಲೆಯಲ್ಲಿ ಕನ್ನಡವೇ ಮಾಧ್ಯಮ, ಆದ್ದರಿಂದ ಆ ಕಾಟ ಇರಲಿಲ್ಲ. ಪ್ರಾರ್ಥನೆಯೂ ಕನ್ನಡದಲ್ಲಿ. ಇದು ಸಹಜ ಅಂತ ನಾವು ತಿಳಿದಿದ್ದೆವು. ಸಹಜವೇನೂ ಅಲ್ಲ. ಪೂಜೆಯಲ್ಲಿ ಲ್ಯಾಟಿನ್ ಜೊತೆಗೆ ಜನರ ಭಾಷೆ ಬಳಸಬಹುದು ಅಂತ ರೋಮಿನ ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿದ್ದು 1963ರ ಡಿಸೆಂಬರಿನಲ್ಲಿ. ನಾವು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲು ಅಷ್ಟೇ.

ಧರ್ಮದ ಪ್ರಶ್ನೆ ಬಂದೇ ಬರುತ್ತೆ, ಹೇಳಿಯೇ ಬಿಡುತ್ತೇನೆ. ‘ಅಲ್ಲಿ ಹಾಕಿದ್ರ ಜಾತಿ ಕೆಡಸ್ತಾರ’ ಅಂತ ಊರಲ್ಲಿ ಅನ್ನುವವರು ಇದ್ದರು. ವಾರದಲ್ಲಿ ಕೆಲವು ಪೀರಿಯಡ್ಡು ಕ್ಲಾಸು ಎರಡಾಗುತ್ತಿತ್ತು. ಕ್ಯಾಥೊಲಿಕ್ ಹುಡುಗರು ಧರ್ಮೋಪದೇಶಕ್ಕೆ, ನಾವು ನೀತಿಪಾಠಕ್ಕೆ. ನೀತಿಪಾಠದಲ್ಲಿ ಸುಳ್ಳು ಹೇಳಬಾರದು, ಕಾಪಿ ಹೊಡೆಯಬಾರದು ಇತ್ಯಾದಿ. ಇದು ಫಾದರ್ ಅವರ ಒಳ್ಳೆಯತನ ಅಂತ ನಾವು ಅಂದುಕೊಂಡಿದ್ದೆವು. ಒಳ್ಳೆಯತನ ಇರಬಹುದು, ಆದರೆ ಅದರ ಹಿಂದೆ ಸಂವಿಧಾನವೂ ಇತ್ತು. 28ನೇ ವಿಧಿಯ ಪ್ರಕಾರ ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಅಥವಾ ಪೋಷಕರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ ಕೂರಿಸುವಂತಿಲ್ಲ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಈ ಎರಡು ವಿಧಿಗಳ ನಡುವಿನ ಗೋಡೆಯೇ ನಮ್ಮ ಎರಡು ಕೋಣೆಗಳ ನಡುವಿನ ಗೋಡೆ. ನಮ್ಮ ಬ್ಯಾಚಿನಲ್ಲಿ ಜಾತಿ ಕೆಟ್ಟವರು ಯಾರೂ ಇಲ್ಲ. ಬೇಕಾದರೆ ಹೀಗೂ ಹೇಳಬಹುದು, ಜಾತಿ ಬಿಡುವಷ್ಟು ಕಲಿತವರೂ ಬಹಳ ಜನ ಇಲ್ಲ.

ಈಗ ಸವಣೂರಿನ ಆ ಹುಡುಗ. ವಿನಾಯಕ ಕೃಷ್ಣ ಗೋಕಾಕ, ಹುಟ್ಟಿದ್ದು 1909ರ ಆಗಸ್ಟ್ 9ರಂದು ಸವಣೂರಿನಲ್ಲಿ. ಮಜೀದ್ ಹೈಸ್ಕೂಲು ಮುಗಿಸಿ ಧಾರವಾಡದ ಕರ್ನಾಟಕ ಕಾಲೇಜು, ಅಲ್ಲಿಂದ ಆಕ್ಸ್‌ಫರ್ಡ್. ಬದುಕಿಡೀ ಇಂಗ್ಲಿಷ್ ಮೇಷ್ಟ್ರು, ಬರೆದದ್ದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಇಂಥವರ ಅಧ್ಯಕ್ಷತೆಯಲ್ಲಿ ಸರಕಾರ 1980ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು. ಹೈಸ್ಕೂಲಿನಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ಮುಂದುವರಿಯಬೇಕೆ ಅನ್ನುವುದು ಮುಖ್ಯ ಪ್ರಶ್ನೆ. ಆಗಿನ ವ್ಯವಸ್ಥೆ ಹೇಗಿತ್ತೆಂದರೆ ಕನ್ನಡ ಒಂದಕ್ಷರ ಓದದೆ ಹತ್ತನೇತ್ತ ಪಾಸಾಗಿ ಕರ್ನಾಟಕದಲ್ಲೇ ಹಾಯಾಗಿ ಇರಬಹುದಿತ್ತು. 1981ರ ಜನವರಿಯಲ್ಲಿ ಬಂದ ವರದಿ, ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಅಂದಿತು. ಮುಂದಿನದು ಎಲ್ಲರಿಗೂ ಗೊತ್ತಿದೆ. ಸಾಹಿತಿಗಳ ಧರಣಿ, 1982ರಲ್ಲಿ ರಾಜಕುಮಾರ್ ಬೀದಿಗಿಳಿದದ್ದು, ಊರೂರಲ್ಲಿ ಸಭೆ. ಸರಕಾರ ಒಪ್ಪಿತು, ಆಮೇಲೆ ಸ್ವಲ್ಪ ಹಿಂದೆ ಸರಿಯಿತು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದವಕ್ಕೆಲ್ಲ ನೂರು ನೂರು. ಆ ಹೆಚ್ಚಿನ 25 ಯಾಕೆ ಅಂತ ಪರೀಕ್ಷೆ ಬರೆಯುವ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಅದು ಗೋಕಾಕ್ ಚಳವಳಿಯ ಉಳಿಕೆ.

ಅಲ್ಪಸಂಖ್ಯಾತರು ಕೋರ್ಟಿಗೆ ಹೋದರು. ಭಾಷಾ ಅಲ್ಪಸಂಖ್ಯಾತರ ದಾವೆಯಲ್ಲಿ ಹೈಕೋರ್ಟು 1989ರ ಜನವರಿಯಲ್ಲಿ ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿ ಎಲ್ಲರ ಮೇಲೂ ಹೇರುವಂತಿಲ್ಲ ಅಂದಿತು. ಸರಕಾರ ಅದೇ ಜೂನ್‌ನಲ್ಲಿ ಹೊಸ ಆದೇಶ ಮಾಡಿತು. ಅದನ್ನು ಸುಪ್ರೀಂ ಕೋರ್ಟು 1993ರ ಡಿಸೆಂಬರ್ 8ರಂದು ಎತ್ತಿ ಹಿಡಿಯಿತು. ನಾವು ಆಗ ಹತ್ತನೇತ್ತದಲ್ಲಿ ಪೂರ್ವಸಿದ್ಧತಾ ಪರೀಕ್ಷೆಗೆ ಓದುತ್ತಿದ್ದೆವು. ಗೋಕಾಕರು 1992ರ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ನಮ್ಮ ಪರೀಕ್ಷೆ ಮುಗಿದ ಬೆನ್ನಿಗೆ, 1994ರ ಏಪ್ರಿಲ್ 29ಕ್ಕೆ, ಒಂದರಿಂದ ನಾಲ್ಕನೇ ತರಗತಿಯ ತನಕ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಅನ್ನುವ ಆದೇಶ ಬಂತು. ಅದರ ಮೇಲೂ ವ್ಯಾಜ್ಯ. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು, ಮಾಧ್ಯಮದ ಆಯ್ಕೆ ಪೋಷಕರದ್ದು, ಸರಕಾರ ಹೇರುವಂತಿಲ್ಲ. ಅದೇ ದಿನ, ಅದೇ ಪೀಠ, ಇನ್ನೊಂದು ತೀರ್ಪು ಕೊಟ್ಟಿತು. ಬಡಮಕ್ಕಳಿಗೆ ಸೀಟು ಮೀಸಲಿಡುವ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂತ. ಒಂದೇ ದಿನ ಎರಡೂ!

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ತೀರ್ಪಿಗಿಂತ ಎರಡನೆಯದು ನನಗೆ ಹೆಚ್ಚು ಚುಚ್ಚಿತು. ಹಕ್ಕು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಬಡ ಹುಡುಗನನ್ನು ಸೇರಿಸಿಕೊಳ್ಳಲು ಕಾಯ್ದೆಯಿಂದ ವಿನಾಯಿತಿ ಕೇಳುವ ಸಾಲಿನಲ್ಲಿ ನಮ್ಮನ್ನು ಸಾಕಿದಂಥ ಶಾಲೆಗಳೂ ನಿಲ್ಲುತ್ತವಲ್ಲ ಅಂತ. ಕಾಯ್ದೆ ಇಲ್ಲದ ಕಾಲದಲ್ಲೇ ನಮ್ಮನ್ನು ಕರೆದು ಕೂರಿಸಿದ್ದರಲ್ಲ?

ಕರೆದು ಕೂರಿಸಿದ್ದು ಯಾಕೆ ಅನ್ನುವುದಕ್ಕೂ ಒಂದು ಇತಿಹಾಸ ಇದೆ. ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ಇದು. ಪೆದ್ರೊ ಅರುಪೆ ಅಂತ ಒಬ್ಬರು, ಸ್ಪೇನಿನ ಬಾಸ್ಕ್ ಸೀಮೆಯವರು. ವೈದ್ಯಕೀಯ ಓದುತ್ತಿದ್ದವರು ಅದನ್ನು ಬಿಟ್ಟು ಯೇಸುಸಭೆ ಸೇರಿ ಜಪಾನಿಗೆ ಹೋದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಅಂಚಿನಲ್ಲಿದ್ದರು. ತಮ್ಮ ಮಠವನ್ನೇ ಆಸ್ಪತ್ರೆ ಮಾಡಿ ಸುಟ್ಟವರ ಗಾಯಕ್ಕೆ ಔಷಧ ಹಚ್ಚಿದರು. 1965ರಲ್ಲಿ ಇಡೀ ಯೇಸುಸಭೆಯ ಮುಖ್ಯಸ್ಥರಾದರು. 1973ರ ಜುಲೈ 31ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಯುರೋಪಿನ ಯೇಸುಸಭೆ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಸಮಾವೇಶ. ದೊಡ್ಡ ದೊಡ್ಡ ವಕೀಲರು, ವ್ಯಾಪಾರಿಗಳು, ಅಧಿಕಾರಿಗಳು ಕೂತಿದ್ದಾರೆ. ಇಂಥ ಕಡೆ ಮುಖ್ಯ ಅತಿಥಿ ಏನು ಹೇಳಬೇಕು? ನೀವು ನಮ್ಮ ಹೆಮ್ಮೆ ಅನ್ನಬೇಕು, ಚಪ್ಪಾಳೆ ಬೀಳಬೇಕು. ಅರುಪೆ ಕೇಳಿದ್ದೇ ಬೇರೆ. ನಾವು ನಿಮ್ಮನ್ನು ನ್ಯಾಯಕ್ಕಾಗಿ ತಯಾರು ಮಾಡಿದೆವೆ ಅಂತ ತಾವೇ ಪ್ರಶ್ನೆ ಹಾಕಿ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲ ಅಂತ ತಾವೇ ಉತ್ತರ ಕೊಟ್ಟರು. ಬೇರೆಯವರಿಗಾಗಿ ಬದುಕುವ ಮನುಷ್ಯರನ್ನು ತಯಾರು ಮಾಡುವುದೇ ಇನ್ನು ನಮ್ಮ ಶಾಲೆಗಳ ಕೆಲಸ ಅಂದರು. ಕೂತಿದ್ದವರಲ್ಲಿ ಹಲವರಿಗೆ ಸಿಟ್ಟೇ ಬಂತಂತೆ. ಬರದೆ ಇರುತ್ತದೆಯೆ!

ಮುಂದಿನ ಎರಡು ವರ್ಷದಲ್ಲಿ, 1974–75ರ ಯೇಸುಸಭೆಯ ಮಹಾಸಭೆ ಧರ್ಮಶ್ರದ್ಧೆ ಮತ್ತು ನ್ಯಾಯಕ್ಕಾಗಿ ದುಡಿಮೆ ಬೇರೆ ಬೇರೆ ಅಲ್ಲ ಅಂತ ನಿರ್ಣಯ ಮಾಡಿತು. ಅದರ ನಂತರದ ದಶಕಗಳಲ್ಲಿ ನಗರದ ದೊಡ್ಡ ಕಾಲೇಜುಗಳಲ್ಲೇ ಇದ್ದ ಕರ್ನಾಟಕದ ಯೇಸುಸಭೆಯವರು ಆನೇಕಲ್ಲು, ಮುಂಡಗೋಡ, ಮಾನ್ವಿ ಇಂಥ ತಾಲೂಕುಗಳಿಗೆ ಹೊರಟರು. ಮುಂಡಗೋಡ ಅಂದರೆ ನಮ್ಮ ಹಾನಗಲ್ಲಿನ ಪಕ್ಕದ ತಾಲೂಕು. ಟಿಬೆಟನ್ ಕ್ಯಾಂಪಿನ ಮುಂಡಗೋಡ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಅಲ್ಲಿಯ ಲೊಯೋಲ ವಿಕಾಸ ಕೇಂದ್ರದವರು ಸಿದ್ದಿಗಳು, ಲಂಬಾಣಿಗಳು, ಗೌಳಿಗಳ ನಡುವೆ ಕೆಲಸ ಮಾಡಿದರು. ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ಯಾಥೊಲಿಕರು ಮೂರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ವೆಲೆನ್ಸಿಯಾದಲ್ಲಿ ಒಬ್ಬ ಮುದುಕರು ಕೇಳಿದ ಪ್ರಶ್ನೆಗೂ ಘಟ್ಟದ ಸೆರಗಿನ ಹುಡುಗರಿಗೆ ಕನ್ನಡದಲ್ಲಿ ಬೀಜಗಣಿತ ಹೇಳಿಕೊಟ್ಟದ್ದಕ್ಕೂ ಸಂಬಂಧ ಇದೆ ಅಂತ ನನಗಂತೂ ಗೊತ್ತೇ ಇರಲಿಲ್ಲ.

ಹೆಣ್ಣುಮಕ್ಕಳ ಕಥೆ ಬೇರೆ, ಅದು ಸಿಸ್ಟರುಗಳದ್ದು. ಅಪೊಸ್ತಲಿಕ್ ಕಾರ್ಮೆಲ್ ಅನ್ನುವ ಸಂಸ್ಥೆಯನ್ನು 1868ರಲ್ಲಿ ಫ್ರಾನ್ಸಿನ ಬೆಯೋನ್‌ನಲ್ಲಿ ಕಟ್ಟಿದವರು ಮದರ್ ವೆರೋನಿಕಾ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಹೆಂಗಸು. ಭಾರತದ ಹುಡುಗಿಯರಿಗೆ ಕಲಿಸಲಿಕ್ಕೆಂದೇ ಶಿಕ್ಷಕಿಯರನ್ನು ತಯಾರು ಮಾಡಿ ಕಳಿಸಿದರು. 1870ರಲ್ಲಿ ಅವರು ಮಂಗಳೂರಿಗೆ ಬಂದರು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು. ಕರಾವಳಿಯ ಹುಡುಗಿ ಪದವಿ ತನಕ ಓದುತ್ತಿದ್ದ ಕಾಲಕ್ಕೆ ನಮ್ಮ ಕಡೆಯ ಹುಡುಗಿಗೆ ಮುಲ್ಕಿ ಪರೀಕ್ಷೆಯೇ ಆಕಾಶ. 1994ರಲ್ಲೂ ಬಹಳ ಬದಲಾಗಿರಲಿಲ್ಲ ಅಂತ ನಮ್ಮ ಗ್ರೂಪ್ ಫೋಟೋ ಹೇಳುತ್ತೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಮಾಸ್ತರು, ಅಕ್ಕೋರು, ಅವರ ಎರಡೂ ಬದಿಗೆ ಹುಡುಗಿಯರು. ಹಿಂದಿನ ಮೂರು ಸಾಲು ಪೂರ್ತಿ ಹುಡುಗರು.

ಎಂಟನೇತ್ತದಲ್ಲಿ ಹುಡುಗಿಯರು ಇದರ ಎರಡರಷ್ಟು ಇದ್ದರು. ಒಂಬತ್ತನೇತ್ತದ ದಸರಾ ರಜೆಗೆ ಹೋದವರಲ್ಲಿ ಕೆಲವರು ಬರಲಿಲ್ಲ, ಬೇಸಿಗೆ ರಜೆಗೆ ಹೋದವರಲ್ಲಿ ಇನ್ನಷ್ಟು ಜನ. ಮದುವೆಗೆ ಹುಡುಗಿಗೆ 18 ತುಂಬಿರಬೇಕು ಅಂತ 1978ರಲ್ಲೇ ಕಾಯ್ದೆ ತಿದ್ದಿದ್ದರು. ಅದು ದಿಲ್ಲಿಯಲ್ಲಿ. ಹಿರೇಕೆರೂರು ತಾಲೂಕಿನ ಒಬ್ಬ ಹುಡುಗಿ ಗಣಿತದಲ್ಲಿ ನಮಗೆಲ್ಲ ಹೇಳಿಕೊಡುವಂಥವಳು, ಅವಳನ್ನು ವಾಪಸ್ ಕರೆಯಲು ಸಿಸ್ಟರ್ ಕೆಂಪು ಬಸ್ಸು ಹಿಡಿದು ಎರಡು ಸಲ ಹೋಗಿ ಬಂದರು. ಎರಡನೇ ಸಲ ಅವಳಪ್ಪ ಚಹಾ ಕೊಟ್ಟು, ಬಹಳ ಮರ್ಯಾದೆಯಿಂದಲೇ, ‘ಅಕ್ಕೋರ, ನೀವು ಮದುವಿ ಆಗದಾ ಉಳದೀರಿ, ನಿಮ್ಮ ಬಾಳೇವು ಬ್ಯಾರೆ. ನಮ್ಮ ಹುಡುಗಿದು ಹಂಗಲ್ರಿ’ ಅಂದನಂತೆ. ಸಿಸ್ಟರ್ ಮರುದಿನ ಕ್ಲಾಸಿಗೆ ಬಂದು ಏನೂ ಹೇಳದೆ ಪಾಠ ಶುರು ಮಾಡಿದರು. ಹಾಜರಿ ಕರೆಯುವಾಗ ಒಂದು ವಾರ ಅವಳ ಹೆಸರನ್ನೂ ಕರೆಯುತ್ತಿದ್ದರು, ಆಮೇಲೆ ನಿಲ್ಲಿಸಿದರು.

ಸಂಚಿಕೆಯ ಕೊನೆಗೆ ಹಾಕುವ ಹೆಸರಿನ ಪಟ್ಟಿ ಬಗ್ಗೆ ನಮ್ಮಲ್ಲಿ ಎರಡು ತಿಂಗಳು ಜಗಳ ನಡೆಯಿತು. ಪಾಸಾದವರದ್ದು ಮಾತ್ರ ಹಾಕೋಣ ಅಂತ ಕೆಲವರು, ಪರೀಕ್ಷೆಗೆ ಕೂತವರೆಲ್ಲರದ್ದೂ ಹಾಕೋಣ ಅಂತ ಕೆಲವರು. ಶಿಗ್ಗಾಂವಿಯ ಗೆಳತಿಯೊಬ್ಬಳು, ಈಗ ತಾನೇ ಅಕ್ಕೋರಾಗಿದ್ದಾಳೆ, ಎಂಟನೇತ್ತದ ಹಾಜರಿ ಪುಸ್ತಕದ ಪಟ್ಟಿಯನ್ನೇ ಹಾಕಬೇಕು ಅಂತ ಪಟ್ಟು ಹಿಡಿದಳು. ಹಾಗಾದರೆ ಬಿಟ್ಟುಹೋದವರನ್ನು ಹುಡುಕಿ ಒಪ್ಪಿಗೆ ಕೇಳಬೇಕಲ್ಲ, ಅಂತ ಒಬ್ಬೊಬ್ಬರ ನಂಬರು ಹುಡುಕಿದೆವು. ಹಿರೇಕೆರೂರಿನ ಆ ಗಣಿತದವಳು ಸಿಕ್ಕಳು. ಅಜ್ಜಿಯಾಗಿದ್ದಾಳೆ. ಫೋನಿನಲ್ಲಿ ಮೊದಲು ನಂಬಲಿಲ್ಲ, ಆಮೇಲೆ ಕೇಳಿದ್ದು ಒಂದೇ ಮಾತು.

‘ನಾ ಹತ್ತನೇತ್ತ ಮುಗಿಸಿಲ್ಲೋ ಯಪ್ಪಾ, ನನ್ನ ಹೆಸರು ಬರೀಲಿಕ್ಕೆ ಬರತೈತೇನು?’

ಪಟ್ಟಿಯಲ್ಲಿ ಅವಳದ್ದು ಹದಿನೇಳನೇ ಹೆಸರು, ಹಾಜರಿ ಪುಸ್ತಕದಲ್ಲಿ ಇದ್ದ ನಂಬರೇ. ಸಂಚಿಕೆ ಅಚ್ಚಿಗೆ ಹೋಗಿದೆ.